ಯಂತ್ರ ಒಪ್ಪಿದರೆ ನಾನು ಬೇಡ

ಕಣ್ಣಿನ ಆಸ್ಪತ್ರೆಯಲ್ಲಿ ನಗುವಿಗೆ ಕಾರಣ ಹುಡುಕಬೇಕಾಗಿಲ್ಲ; ಟೋಕನ್ ಹಿಡಿದು ತಾನಾಗಿಯೇ ಬರುತ್ತದೆ. ಆದರೆ ಆ ಒಂದು ತಿಂಗಳು ಬಂದದ್ದಕ್ಕೆಲ್ಲ ನಾನು ನಕ್ಕದ್ದು ಬಹಳ ತಡವಾಗಿ.

ದೇಶದ ರಾಜಧಾನಿಯ ಮಯೂರ್ ವಿಹಾರದಲ್ಲಿರುವ ನಮ್ಮ ಆಸ್ಪತ್ರೆಯ ಮಾಲೀಕರು ಕರಾವಳಿಯವರು, ಹೋಟೆಲ್ ನಡೆಸಿ ಮೇಲೆ ಬಂದವರು. ಕಣ್ಣಿನ ಒಳಪದರದ ಫೋಟೊ ತೆಗೆದು ರೋಗ ಹೇಳುವ ಎಐ ಯಂತ್ರ ತರಿಸಿದರು.

"ಒಂದು ತಿಂಗಳು ಅದೂ ನೋಡಲಿ, ನೀವೂ ನೋಡಿ ಡಾಕ್ಟ್ರೇ. ಇಬ್ಬರ ಉತ್ತರವೂ ಒಂದೇ ಆದರೆ ನೀವು ವಾರಕ್ಕೆ ಎರಡು ದಿನ ಬಂದರೆ ಸಾಕು."

"ಬೇರೆ ಬೇರೆ ಆದರೆ?"

"ಯಂತ್ರ ಸುಳ್ಳು ಹೇಳುವುದಿಲ್ಲವಲ್ಲ. ಗ್ರೈಂಡರ್ ಬಂದ ಮೇಲೆ ನಾನು ರುಬ್ಬುವವರನ್ನು ಇಟ್ಟುಕೊಂಡೆನಾ ಮಾರಾಯ್ರೆ?"

ಮಗಳ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು. ಒಪ್ಪಿಕೊಂಡೆ.

೧. ಹನ್ನೊಂದು ಕಲೆ

ಮೊದಲ ವಾರ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣೆ. ಯಂತ್ರ ಸಾಲಾಗಿ ಹನ್ನೊಂದು ಜನರಿಗೆ ರೋಗವಿದೆ ಎಂದಿತು. ಎಲ್ಲರಿಗೂ ಒಂದೇ ಜಾಗದಲ್ಲಿ ಒಂದೇ ಕಪ್ಪು ಕಲೆ. ಒಬ್ಬಾತ ಊರಿಗೆ ಫೋನ್ ಮಾಡಿ ಅಳತೊಡಗಿದ್ದ. ನಾನು ಬಟ್ಟೆಯಿಂದ ಯಂತ್ರದ ಲೆನ್ಸ್ ಒರೆಸಿದೆ. ಮತ್ತೆ ಫೋಟೊ ತೆಗೆದರೆ ಹನ್ನೊಂದು ಜನವೂ ಗುಣ.

ಅಳುತ್ತಿದ್ದವನು ಕಾಲಿಗೆ ಬಿದ್ದು, "ಸಾಹೇಬರೇ, ನಮ್ಮ ಹಳ್ಳಿಗೂ ಬನ್ನಿ. ಆ ಬಟ್ಟೆ ಮಾತ್ರ ಮರೆಯಬೇಡಿ" ಎಂದು ಹಿಂದಿಯಲ್ಲಿ ಬೇಡಿಕೊಂಡ.

ಮಾಲೀಕರಿಗೆ ಆಸೆಯಿಂದ ವರದಿ ಒಪ್ಪಿಸಿದೆ. "ಹೌದಾ? ಒರೆಸಲಿಕ್ಕೆ ಒಬ್ಬರನ್ನು ಇಡುವಾ" ಎಂದರು.

೨. ಜೂನ್ ಒಂದು

ಆ ಯಂತ್ರ ಕಣ್ಣು ನೋಡಿ ವಯಸ್ಸನ್ನೂ ಅಂದಾಜಿಸುತ್ತದೆ. ಕೇಂದ್ರ ಸರ್ಕಾರದ ಕಚೇರಿಯ ಕನ್ನಡಿಗರೊಬ್ಬರು ಹೆಂಡತಿಯ ಜೊತೆ ಬಂದರು. ಅರ್ಜಿಯಲ್ಲಿ ಐವತ್ತೆಂಟು ಎಂದು ಬರೆದರು. ಯಂತ್ರ ಅರವತ್ತೊಂದು ಎಂದು ಮುದ್ರಿಸಿತು.

ಅವರು ಎದ್ದು ಬಾಗಿಲು ಹಾಕಿದರು. "ಸಾರ್, ಹುಟ್ಟಿದ್ದು ಜೂನ್ ಒಂದು ಅಂತ ಬರೆದದ್ದು ಶಾಲೆಯ ಮೇಷ್ಟ್ರು. ರಿಟೈರಾಗಲು ಇನ್ನೂ ಎರಡು ವರ್ಷ ಇದೆ. ಈ ಕಾಗದ ಆಫೀಸಿಗೆ ಹೋಗುತ್ತಾ?"

"ಇಲ್ಲ. ಅದು ಬರೀ ಅಂದಾಜು."

"ಅಂದಾಜಲ್ಲ ಸಾರ್, ಅದೇ ಹೆದರಿಕೆ!"

ಮುಂದಿನ ಸರದಿ ಹೆಂಡತಿಯದು. ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದರು. "ನನಗೆ ಚೆನ್ನಾಗಿಯೇ ಕಾಣುತ್ತೆ ಡಾಕ್ಟ್ರೇ."

ಕಣ್ಣಿನ ಮಟ್ಟಿಗೆ ಯಂತ್ರಕ್ಕೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ. ತಿಂಗಳ ಕೊನೆಗೆ ಹೆಚ್ಚುಕಡಿಮೆ ಯಾರ ವಿಷಯದಲ್ಲೂ ಇರಲಿಲ್ಲ. ಎರಡು ದಿನದ ಸಂಬಳದಲ್ಲಿ ಮಗಳ ಫೀಸು ಲೆಕ್ಕ ಹಾಕತೊಡಗಿದೆ.

೩. ಸಹಿ

ಕೊನೆಯ ದಿನ ಮಾಲೀಕರು ನನ್ನ ಕೆಲಸದ ಹೊಸ ಪತ್ರ ಟೈಪ್ ಮಾಡಿಸಿ ತಂದರು. ಪೆನ್ನು ತೆಗೆದವರು ಕಣ್ಣುಜ್ಜಿಕೊಂಡರು. "ಬೆಳಗಿನಿಂದ ಮಿಂಚು ಹೊಡೆದ ಹಾಗೆ, ನೊಣ ಹಾರಿದ ಹಾಗೆ." ತಾವೇ ಹೋಗಿ ಯಂತ್ರದ ಮುಂದೆ ಕೂತರು. ಎಲ್ಲ ಸರಿಯಿದೆ ಎಂದಿತು. "ಕಂಡಿರಾ?" ಎಂದರು.

"ಅದು ನೋಡುವುದು ನಡುಭಾಗ ಮಾತ್ರ. ನಿಮ್ಮ ತೊಂದರೆ ಅಂಚಿನದಿರಬೇಕು."

ಹನಿ ಹಾಕಿ, ಪಾಪೆ ಹಿಗ್ಗಿಸಿ ನೋಡಿದೆ. ಅಂಚಿನಲ್ಲಿ ಪದರ ಹರಿದಿತ್ತು. ಬಿಟ್ಟರೆ ಕಳಚಿ ಬಂದು ಕಣ್ಣೇ ಹೋಗುತ್ತಿತ್ತು. ಆಗಲೇ ಲೇಸರ್ ಮಾಡಿದೆ.

ಆಮೇಲೆ ಅವರು ಪತ್ರ ನನ್ನ ಕಡೆ ತಳ್ಳಿದರು. "ಅಕ್ಷರವೆಲ್ಲ ಮಸುಕು. ಏನುಂಟು, ಓದಿ."

"ವಾರಕ್ಕೆ ಎರಡು ದಿನ."

"ಯಾವ ಎರಡು ದಿನ?"

"ನೀವೇ ಹೇಳಬೇಕು."

ಅವರು ಕಣ್ಣು ಮುಟ್ಟಿಕೊಂಡರು. "ಇನ್ನೊಂದು ಕಣ್ಣು ಯಾವ ದಿನ ಹರಿಯುತ್ತದೆ?"

"ಯಾರೂ ಹೇಳಲಾರರು."

"ಹಾಗಾದರೆ ಎರಡನ್ನು ಹೊಡೆದು ಹಾಕಿ ಏಳು ಅಂತ ಬರೆಯಿರಿ."

ಬರೆದೆ. ತಡವರಿಸಿ ಸಹಿ ಹಾಕಿದರು. ಮನೆಗೆ ಬಂದು, ಕೆಲಸ ಉಳಿಯಿತು ಎಂದು ಹೆಂಡತಿಯ ಕೈಗೆ ಪತ್ರ ಕೊಟ್ಟೆ. ಅವಳು ಎರಡು ಸಲ ಓದಿದಳು.

"ಅಲ್ಲಾ ರೀ, ಇಷ್ಟು ದಿನ ಭಾನುವಾರ ರಜೆ ಇತ್ತಲ್ಲ?"