ಮಾವನ ಕೆಮ್ಮಿಗಾಗಿ ಕಾರ್ಡಿನ ಯುದ್ಧ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನನ್ನು ಸೋಲಿಸಿದ್ದು ಬಿಳಿಚೋಡಿನ ಸೋದರಮಾವನಲ್ಲ. ಹೊನ್ನಾಳಿಯಲ್ಲಿ ಕೂತು ನಾನೇ ಬರೆದ ಒಂದು ಸಾಲು.

ಕೆಮ್ಮಿ, ಕನ್ನಡಕ ಏರಿಸಿ, "ಹಂಗಲ್ಲಪ್ಪಾ ಅದು" ಎನ್ನುವ ಮಾವನನ್ನು ಮಾವನಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ. ಯುಗಾದಿ ಕಳೆದ ಮೇಲೆ ಅವರ ಮಗಳ ಮದುವೆ. ಆರತಕ್ಷತೆಯಲ್ಲಿ ನನ್ನ ಮಿಮಿಕ್ರಿ, ಅದರಲ್ಲಿ ಮುಖ್ಯ ಐಟಂ ಮಾವನೇ. ಸುದ್ದಿ ಕಿವಿಗೆ ಬಿದ್ದು ದೀಪಾವಳಿಗೆ ಅವರ ಫೋನ್ ಬಂತು.

"ಚೆಸ್ ಆಡಾಣ. ನೀನು ಸೋತ್ರೆ ನನ್ನ ದನಿ ಮುಟ್ಟಂಗಿಲ್ಲ. ಗೆದ್ರೆ ನಾನೇ ಸ್ಟೇಜಿಗೆ ಬಂದು ನಿನ್ನ ಪಕ್ಕ ನಿಂತು ಕೆಮ್ತೀನಿ."

"ಮೊಬೈಲಾಗೆ ಆಡಾಣ ಮಾವ."

"ಮೊಬೈಲಾಗೆ ನೀನು ಆಡಲ್ಲ, ಮೊಬೈಲ್ ಆಡ್ತೈತೆ. ಒಂದೊಂದು ನಡೆನೂ ಪೋಸ್ಟ್ ಕಾರ್ಡಿನಾಗೆ ಬರ್ದು ಹಾಕು."

ನಾನು ಕಿಂಗ್ಸ್ ಗ್ಯಾಂಬಿಟ್ ಹೂಡಿದೆ. ಅಂದರೆ ಎರಡನೇ ನಡೆಯಲ್ಲೇ ಒಂದು ಪೇದೆಯನ್ನು ಎದುರಾಳಿಯ ಬಾಯಿಗೆ ಕೊಟ್ಟು, ದಾಳಿಗೆ ದಾರಿ ಮಾಡಿಕೊಳ್ಳುವ ವೀರರ ಆಟ. ಮಾವ ಪೇದೆಯನ್ನು ತಿಂದರು. ಒಂದೊಂದು ಕಾರ್ಡಿಗೂ ವಾರ. ಸಂಕ್ರಾಂತಿ ಕಳೆದರೂ ಹತ್ತು ನಡೆ ದಾಟಲಿಲ್ಲ. ಅಷ್ಟರಲ್ಲಿ ಅವರ ಮೂಲೆಯ ಆನೆ ನನ್ನ ಮಂತ್ರಿಯ ಕಣ್ಣಿಗೆ ಬಿತ್ತು.

ಅಂಚೆಯ ಚೆಸ್ಸಿನಲ್ಲಿ ಸಮಯ ಉಳಿಸಲು ಮುಂದಿನ ನಡೆಯನ್ನೂ ಮೊದಲೇ ಬರೆಯಬಹುದು. ಬರೆದರೆ ಮುಗಿಯಿತು, ವಾಪಸ್ ಇಲ್ಲ. ನಾನು ಗಂಭೀರವಾಗಿ ಬರೆದೆ: "ತಾವು ಏನೇ ನಡೆಸಿದರೂ ನನ್ನ ಮಂತ್ರಿ ತಮ್ಮ ಮೂಲೆಯ ಆನೆಯನ್ನು ಹೊಡೆಯತಕ್ಕದ್ದು." ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಗೆರೆ.

ಪೋಸ್ಟ್‌ಮನ್ ಅಣ್ಣ ಕಾರ್ಡನ್ನು ಪೂರ್ತಿ ಓದಿಯೇ ಚೀಲಕ್ಕೆ ಹಾಕಿಕೊಂಡ.

"ಅವರು ಏನು ನಡೆಸ್ತಾರೆ ಅಂತ ನೋಡದೇ ಬರೆದ್ರಾ?"

"ಧೈರ್ಯ ಅಣ್ಣ, ಧೈರ್ಯ."

"ಹೌದಾ. ನಾನು ಬೇರೆ ಏನೋ ಅನ್ಕಂಡಿದ್ದೆ."

ವಾರದ ಮೇಲೆ ಉತ್ತರ ಬಂತು. ಮಾವ ಆನೆಯನ್ನು ಉಳಿಸಿಕೊಳ್ಳಲು ಹೋಗಿರಲೇ ಇಲ್ಲ. ತಮ್ಮ ಮಂತ್ರಿಯನ್ನು ಸದ್ದಿಲ್ಲದೆ ನನ್ನ ರಾಜನ ಬಾಗಿಲಿಗೆ ತಂದು ನಿಲ್ಲಿಸಿದ್ದರು. ನನ್ನ ಮಂತ್ರಿ ಓಡಿ ಬಂದಿದ್ದರೆ ರಾಜ ಬದುಕುತ್ತಿದ್ದ. ಆದರೆ ಸಹಿ ಹಾಕಿದ್ದೆನಲ್ಲ, ಮಂತ್ರಿ ಆ ಮೂಲೆಯಲ್ಲಿ ಆನೆ ಹೊಡೆಯುತ್ತಿದ್ದ. ಅವರ ನಡೆ, ನನ್ನ ನಡೆ, ಚೆಕ್‌ಮೇಟ್ ಮೂರನ್ನೂ ಮಾವ ಒಂದೇ ಕಾರ್ಡಿನಲ್ಲಿ ಮುಗಿಸಿದ್ದರು. ಅರ್ಧ ಕಾರ್ಡು ಇನ್ನೂ ಖಾಲಿ ಇತ್ತು.

ಕೂಡಲೇ ಫೋನ್ ಮಾಡಿದೆ. ನನ್ನದೇ ದನಿಯಲ್ಲಿ.

"ಮಾವ, ನೀವಿಲ್ಲದೆ ನನ್ನ ಪ್ರೋಗ್ರಾಂ ನಡೆಯಲ್ಲ. ಸ್ಟೇಜ್ ಮ್ಯಾಲೆ ನಾನೇನು ಮಾಡ್ಲಿ?"

ಆ ಕಡೆಯಿಂದ ಅಸಲಿ ಕೆಮ್ಮು ಕೇಳಿಸಿತು.

"ನಿನ್ನಂಗೇ ಮಾತಾಡಪ್ಪಾ. ಅದಕ್ಕೂ ನಗ್ತಾರೆ."