ಅರ್ಧ ಪಾಯಿಂಟಿನ ಪಂದ್ಯ

"ಹೊಸದಂತೆ ಹೊಸದು!" ಕನ್ನಡಕದಂಗಡಿಯ ಯಜಮಾನರು ಗುಡುಗಿದರು. ಮಗಳು ಕೇಳಿದ್ದು ವಿಡಿಯೋ ಗೇಮಿನ ನಾಲ್ಕನೇ ತಲೆಮಾರಿನ ಯಂತ್ರ. ಮನೆಯಲ್ಲಿ ಮೂರನೆಯದು ಇನ್ನೂ ಗಟ್ಟಿಮುಟ್ಟಾಗಿತ್ತು. "ಅದೇ ಆಟ, ಅದೇ ಓಟ. ಚಿತ್ರ ಒಂಚೂರು ಸ್ಪಷ್ಟ, ಅಷ್ಟೇ! ನಮ್ಮ ಕಾಲದಲ್ಲಿ ಹೊಸ ಯಂತ್ರ ಬಂದ್ರೆ ಹೊಸ ಲೋಕವೇ ಬರ್ತಿತ್ತು!"

"ವರ್ಷವರ್ಷ ನಂಬರು ಕಾಲು ಪಾಯಿಂಟ್ ಏರಿಸಿ ಕನ್ನಡಕ ಮಾರೋರು ಆಡೋ ಮಾತಾ ಇದು?" ಎಂದರು ಹೆಂಡತಿ.

"ಅದು ವಿಜ್ಞಾನ ಕಣೇ! ನೋಡ್ತಿರು, ಅಟ್ಟದ ಮೇಲಿರೋ ನನ್ನ ಹಳೇ ಯಂತ್ರದಲ್ಲಿ ಮೊದಲನೇ ಹಂತ ಈಗ್ಲೇ ಮುಗಿಸ್ತೀನಿ. ಮುಗಿಸಿದ್ರೆ ಹೊಸದರ ಸುದ್ದಿ ಎತ್ತಬಾರದು!"

"ಸೋತ್ರೆ ಕೊಡಿಸ್ಬೇಕು!" ಎಂದಳು ಮಗಳು.

ಯಂತ್ರವೂ ಅದರ ಜೋಡಿ ಡಬ್ಬಾ ಟಿವಿಯೂ ಕೆಳಗಿಳಿದವು. ಮುಟ್ಟಿದೊಡನೆ ಯಜಮಾನರಿಗೆ ತಮ್ಮ ಬಾಲ್ಯ ನೆನಪಾಯಿತು. ರಜೆ ಪೂರ್ತಿ ಅಕ್ಕನೂ ಅವರೂ ಇದರ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಆಟದ ಕ್ಯಾಸೆಟ್ಟಿನ ದೂಳನ್ನು ಉಫ್ ಎಂದು ಊದುವ ಹಕ್ಕು ಅಕ್ಕನದು. ಅಂಥ ರಜೆ ಮತ್ತೆ ಬರಲೇ ಇಲ್ಲ.

ಅವರೂ ಊದಿದರು. ಮೂವತ್ತು ವರ್ಷದ ದೂಳು ಮೂಗಿಗೇರಿ ಸಾಲಾಗಿ ಏಳು ಸೀನು! ಆಟ ಶುರುವಾಯಿತು. ಪರದೆಯ ವೀರ ಓಡಿ ಹೋಗಿ ಮೊದಲನೇ ಗುಂಡಿಗೇ ಬಿದ್ದ. ಮತ್ತೆ ಬಿದ್ದ. ಹನ್ನೊಂದು ಸಲ ಬಿದ್ದ.

"ವೈರ್ ಸಡಿಲ!" ಎಂದು ವೈರ್ ಎಳೆದರು. "ಟಿವಿ ಮಂಕು!" ಎಂದು ಟಿವಿಗೆ ಗುದ್ದಿದರು. ಅದರ ತಿರುಗುಗುಂಡಿ ಕಳಚಿ ಕೈಗೇ ಬಂತು.

"ರೀ, ವೀರ ಬೀಳೋ ಆ ಗುಂಡಿ ಅಂಚು ಕಾಣ್ತಿದೆಯಾ ನಿಮ್ಗೆ?"

"ಯಾವ ಅಂಚು?"

ಮಗಳು ಮುಂದಿನ ಕೋಣೆಯಲ್ಲಿದ್ದ ಅಂಗಡಿಗೆ ಓಡಿ, ಕಣ್ಣು ಪರೀಕ್ಷಿಸುವ ಚೌಕಟ್ಟಿಗೆ ಅಪ್ಪನ ನಂಬರಿಗಿಂತ ಅರ್ಧ ಪಾಯಿಂಟ್ ಹೆಚ್ಚಿನ ಗಾಜು ತೂರಿಸಿ ತಂದು, ಅವರ ಕನ್ನಡಕ ತೆಗೆದು ಅದನ್ನು ಮೂಗಿನ ಮೇಲೆ ಕೂರಿಸಿದಳು.

ಯಜಮಾನರ ಬಾಯಿ ತೆರೆದೇ ಇತ್ತು. ಗುಂಡಿಗೆ ಅಂಚಿತ್ತು! ಗುಂಡಿಯಾಚೆಯ ಮರದಲ್ಲಿ, ಅಕ್ಕ ದಿನಾ ಟಾಟಾ ಮಾಡುತ್ತಿದ್ದ ಪುಟ್ಟ ಹಕ್ಕಿಯೂ ಇತ್ತು. ಅವರ ಕಣ್ಣು ತುಂಬಿತು. ವೀರ ಹಾರಿದ, ದಾಟಿದ, ಬಾವುಟ ಏರಿಸಿದ.

"ಪಂದ್ಯ ನೀನೇ ಗೆದ್ದೆ ಅಪ್ಪ," ಮಗಳು ಶಾಂತವಾಗಿ ಕೈ ಚಾಚಿದಳು. "ಹೊಸದು ನಂಗೆ ಬೇಡ. ಒಂಚೂರು ಸ್ಪಷ್ಟ ಕಾಣೋದ್ರಿಂದ ಏನು ಮಹಾ? ಕನ್ನಡಕ ವಾಪಸ್ ಕೊಡು."

ಯಜಮಾನರು ಚೌಕಟ್ಟನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು.

"ಆ ನಾಲ್ಕನೇದು ಯಾವ ಅಂಗಡೀಲಿ ಸಿಗುತ್ತಮ್ಮಾ?"