ಮೊದಲು ಗೆರೆ ಎಳೆದವರಿಗೆ ಲದ್ದಿ

ನಮ್ಮ ಮನೆಯ ಮರ್ಯಾದೆ ಆಗಾಗ ಹೋಗುತ್ತಿತ್ತು. ಹೆಚ್ಚಿನ ಸಲ ಅದು ಹೋದದ್ದು ಕುದುರೆಯ ದೆಸೆಯಿಂದ. ಐವತ್ತರ ದಶಕದ ಕೊನೆಗೆ ನಾವು ಪುತ್ತೂರು ಪೇಟೆಯಲ್ಲಿದ್ದೆವು. ಶಾಲಾ ಮಾಸ್ಟರಾಗಿದ್ದ ಅಪ್ಪನಿಗೆ ಹಿತ್ತಿಲ ಬಸಳೆ ಚಪ್ಪರವೇ ಪ್ರಪಂಚ. ಬಸಳೆಗೆ ಕುದುರೆ ಲದ್ದಿಯಂಥ ಗೊಬ್ಬರ ಇಲ್ಲ ಎಂದು ಯಾರೋ ಹೇಳಿದ್ದೇ ತಡ, ಜಟಕಾಗಳ ಹಿಂದೆ ಬುಟ್ಟಿ ಹಿಡಿದು ಓಡುವ ಕೆಲಸ ಅಕ್ಕನಿಗೂ ನನಗೂ ಬಿತ್ತು. ಅಮ್ಮನಿಗೆ ಒಂದೇ ಚಿಂತೆ: "ಮದುವೆ ಪ್ರಾಯದ ಹುಡುಗಿ ಲದ್ದಿ ಹೆಕ್ಕುದು ಕಂಡ್ರೆ ಯಾರು ಮಾರಾಯ್ರೆ ಕೇಳಿಕೊಂಡು ಬರುದು?"

ಗೆರೆ

ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ಟರರಿಗೂ ಬಸಳೆಯ ಹುಚ್ಚು. ಜಗಳವಾಗಿ ಜಗಳವಾಗಿ ಕೊನೆಗೆ ಒಂದು ಕಾನೂನು ಆಯಿತು. ಬಿದ್ದ ಲದ್ದಿಯ ಸುತ್ತ ಕೋಲಿನಿಂದ ಯಾರು ಮೊದಲು ಗೆರೆ ಎಳೆಯುತ್ತಾರೋ ಲದ್ದಿ ಅವರದ್ದು. ಬುಟ್ಟಿ ಆಮೇಲೆ ತಂದರೂ ನಡೆಯುತ್ತದೆ.

ಒಂದು ಬೆಳಿಗ್ಗೆ ನೋಡಿದರೆ ಪೋಸ್ಟ್ ಮಾಸ್ಟರರು, ನಿಂತಿದ್ದ ಜಟಕಾದ ಸುತ್ತಲೇ ದೊಡ್ಡ ಗೆರೆ ಎಳೆಯುತ್ತಿದ್ದಾರೆ.

"ಇನ್ನೂ ಬೀಳ್ಲಿಲ್ಲವಲ್ಲ?" ಎಂದು ಅಪ್ಪ ಓಡಿದರು.

"ಬೀಳುವಾಗ ನಾನಿರುದಿಲ್ಲ. ಉಪ್ಪಿನಂಗಡಿಗೆ ಹೋಗ್ಲಿಕ್ಕೆ ಉಂಟು."

ಗಾಡಿಯವನು ಇಳಿದು ಗೆರೆಯನ್ನು ಒಂದು ಸುತ್ತು ನೋಡಿದ. "ಮಾಸ್ಟ್ರೆ, ನಾನು ಗಾಡಿ ಬಿಡ್ಬಹುದಾ? ಅಲ್ಲ, ಇವರು ಉಪ್ಪಿನಂಗಡಿಯಿಂದ ಬರುವವರೆಗೆ ಇಲ್ಲೇ ನಿಲ್ಬೇಕಾ?" ಎಂದು ಕೇಳಿದ.

ಹೂವಿನ ಬುಟ್ಟಿ

ಮರ್ಯಾದೆ ಉಳಿಸಲು ಅಮ್ಮ ಒಂದು ಉಪಾಯ ಮಾಡಿದರು. ಲದ್ದಿಯ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ದಾಸವಾಳ. ಮರುದಿನವೇ ದಾರಿಯಲ್ಲಿ ಅಪ್ಪನ ಹೆಡ್ ಮಾಸ್ಟರರ ಹೆಂಡತಿ ಸಿಕ್ಕಿದರು.

"ದೇವಸ್ಥಾನಕ್ಕಾ ಮಕ್ಕಳೇ? ನಾನೂ ಅಲ್ಲಿಗೇ."

ಹೊರಗಿನವರೆದುರು ಅಕ್ಕನಿಗೆ ಬಾಯಿಯೇ ಬರುವುದಿಲ್ಲ. ಬುಟ್ಟಿ ಹೊತ್ತು ಅವರ ಹಿಂದೆ ಮೂರು ಸುತ್ತು ಪ್ರದಕ್ಷಿಣೆ ಬಂದೆವು. ಭಟ್ಟರು ಹೂವಿಗೆ ಕೈ ಚಾಚಿದಾಗ ಅಕ್ಕ ಬುಟ್ಟಿಯನ್ನು ಅಲ್ಲೇ ಇಟ್ಟು ಓಡಿದಳು. ಹಿಂದೆ ನಾನು.

ಅಮ್ಮ ಕೂಡಲೇ ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟರು. ಅಪ್ಪ ಚಪ್ಪಲಿ ಹುಡುಕುತ್ತಾ, "ಬುಟ್ಟಿ ತುಂಬಾ ಇತ್ತಾ?" ಎಂದರು.

ಹುಡುಗಿ ನೋಡಿದ್ದು

ಅಕ್ಕನನ್ನು ನೋಡಲು ಸುಳ್ಯದ ಕಡೆಯಿಂದ ಹುಡುಗ ಮತ್ತು ಅವನ ಅಪ್ಪ ಅಮ್ಮ ಜಟಕಾದಲ್ಲಿ ಬಂದಿಳಿದರು. ಹಿಂದೆ ನೋಡಿ ಹೋದ ಎರಡು ಕಡೆಯವರು "ಹುಡುಗಿಗೆ ಮಾತು ಬರುದಿಲ್ಲವಾ ಅಂತ ಸಂಶಯ" ಎಂದು ಹೇಳಿಕಳಿಸಿದ್ದರು. ಇದೂ ತಪ್ಪಿದರೆ ಎಂದು ಅಮ್ಮ ಬೆಳಗಿನಿಂದಲೇ ದೇವರಿಗೆ ಹರಕೆ ಹೇಳುತ್ತಿದ್ದರು. ಅಕ್ಕನ ಮುಖ ನೋಡಿ ನನಗೂ ಪಾಪ ಅನಿಸಿತು.

"ಎಷ್ಟನೇ ಕ್ಲಾಸು ಓದಿದ್ದು?" ಎಂದು ಹುಡುಗನ ಅಮ್ಮ ಕೇಳಿದರು. ಅಕ್ಕ ನೆಲ ನೋಡಿದಳು.

"ಹಾಡ್ಲಿಕ್ಕೆ ಬರ್ತದಾ?" ಅಕ್ಕ ನೆಲವನ್ನೇ ನೋಡಿದಳು.

ಆಗ ಹೊರಗೆ ಕುದುರೆಯ ಹಿಂದಿನಿಂದ ಧಪ್ ಧಪ್ ಎಂದು ಸದ್ದಾಯಿತು. ಅಕ್ಕ ತಲೆ ಎತ್ತಿದಳು. ಕೋಲು ಹಿಡಿದು ಬರುತ್ತಿದ್ದ ಪೋಸ್ಟ್ ಮಾಸ್ಟರರು ಕಿಟಕಿಯಲ್ಲಿ ಕಂಡರು.

"ಅದು ನಮ್ಮದು! ನಮ್ಮ ಗೇಟಿನ ಎದುರು ಬಿದ್ದದ್ದು. ಗೆರೆ ಎಳೆದ್ರೆ ನೋಡಿ ಮತ್ತೆ," ಎಂದು ರೇಷ್ಮೆ ಸೀರೆಯ ಅಕ್ಕ ಬೀದಿಗೇ ಕೇಳುವಂತೆ ಕೂಗಿದಳು.

ಅಮ್ಮ ಬಾಗಿಲು ಹಿಡಿದುಕೊಂಡು ಕೂತೇಬಿಟ್ಟರು. ಹುಡುಗನ ಅಪ್ಪ ಹೊರಗೆ ಹೋಗಿ ಲದ್ದಿಯನ್ನು ನೋಡಿ ಬಂದರು.

"ಎಂತಕ್ಕೆ ಹಾಕುದು?"

"ಬಸಳೆಗೆ," ಎಂದರು ಅಪ್ಪ, ಸಣ್ಣ ಸ್ವರದಲ್ಲಿ.

ಹುಡುಗನ ಅಪ್ಪ ಹಿತ್ತಿಲಿಗೆ ಹೋಗಿ ಚಪ್ಪರದ ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ತಿರುಗಿ ಬಂದು ಕೂತು, "ಹುಡುಗಿ ನಮಗೆ ಒಪ್ಪಿಗೆ," ಎಂದರು. "ಆದ್ರೆ ಜಟಕಾ ಗೊತ್ತು ಮಾಡಿ ತಂದದ್ದು ನಾವು. ಲದ್ದಿ ನಮ್ಮದು. ಕಟ್ಟಿ ಕೊಡಿ."

ಅಡಿಕೆ ಹಾಳೆಯಲ್ಲಿ ಕಟ್ಟಿ ಕೊಟ್ಟೆವು. ಜಟಕಾ ತಿರುವು ದಾಟಿದ ಮೇಲೆ ಅಪ್ಪ ಕಣ್ಣೊರಸಿಕೊಂಡರು. ಮಗಳು ಹೋಗುತ್ತಾಳೆಂಬ ದುಃಖ ಎಂದುಕೊಂಡು ನಾನು ಹತ್ತಿರ ಹೋದೆ.

"ಹುಡುಗಿಯನ್ನು ಕೊಡುದು ಸರಿ ಮಗಾ," ಎಂದರು. "ಅರ್ಧ ಲದ್ದಿಯಾದ್ರೂ ಇಟ್ಟುಕೊಳ್ಬಹುದಿತ್ತು."